ಖಾಲಿ ಬಿಟ್ಟ ಹನ್ನೊಂದು ದಿನ

ಇಡೀ ಖಂಡದ ನದಿಗಳಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೈದರಾಬಾದಿನಲ್ಲಿ ನನ್ನ ಕೆಲಸ. ಎಷ್ಟೋ ಊರುಗಳು ಆ ಲೆಕ್ಕ ನಂಬಿಯೇ ಕುಡಿಯುವ ನೀರು ಹಂಚುತ್ತವೆ. ಎಲ್ಲಾದರೂ ಅಳತೆ ಬಿಟ್ಟುಹೋಗಿದ್ದರೆ ಹಿಂದಿನ ವರ್ಷಗಳ ಸರಾಸರಿ ತುಂಬುವುದು ನಮ್ಮ ರೂಢಿ.

ಕಳೆದ ಬೇಸಿಗೆಯಲ್ಲಿ ಭೀಮಾ ದಂಡೆಯ ಒಂದೂರಿನ ಹನ್ನೊಂದು ದಿನಗಳನ್ನು ಹಾಗೆಯೇ ತುಂಬಿದೆ. ವರದಿ ಕಳಿಸಿದ ಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಅಲ್ಲಿ ದಿನವೂ ನೀರಿನ ಮಟ್ಟ ಬರೆದುಕೊಳ್ಳುವ ಮುದುಕನಿಗೆ ಫೋನ್ ಮಾಡಿ ರೇಗಿದೆ.

"ಕಾಕಾ, ಹನ್ನೊಂದು ದಿನ ಯಾಕ ಬರದಿಲ್ರೀ? ಊರಾಗ ಇರಲಿಲ್ಲೇನ್ರೀ?"

"ದಿನಾ ಹೋಗಿ ನೋಡೀನ್ರೀ ಸಾಹೇಬ್ರ. ಹೊಳಿ ಪೂರ್ತಿ ಬತ್ತಿತ್ತು. ಹೊಳಿ ಅಂದ್ರ ತಾಯಿ ಗಂಗವ್ವ, ಆಕಿಗೆ ಸೊನ್ನಿ ಅಂತ ಹೆಂಗ ಬರೀಲಿ? ಖಾಲಿ ಬಿಟ್ಟೆ."

ಬತ್ತಿದ ಹೊಳೆಯಲ್ಲಿ ನಾನು ನೀರು ಹರಿಸಿದ್ದೆ. ಬೇರೆ ಯಾರಿಗಲ್ಲದಿದ್ದರೂ ನನಗೆ ಇದು ಹೊಳೆಯಬೇಕಿತ್ತು. ಲಿಂಗಂಪಲ್ಲಿಯ ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಅಪಶಕುನವೆಂದು ಅವ್ವ ಇವತ್ತಿಗೂ ಮುಗಿಯಿತು ಎನ್ನುವುದಿಲ್ಲ, "ಅಕ್ಕಿ ಹೆಚ್ಚಾಗ್ಯಾವ" ಎನ್ನುತ್ತಾಳೆ.

ವರದಿ ತಪ್ಪಾಗಿದೆ ಎಂದು ಎಲ್ಲರಿಗೂ ತಿಳಿಸಿ, ಹನ್ನೊಂದು ಸೊನ್ನೆಗಳನ್ನು ನಾನೇ ಬರೆದೆ. ಪ್ರತಿ ಸೊನ್ನೆಗೂ ಬೆರಳು ಹಿಂಜರಿಯಿತು. ಆಮೇಲೆ ಖಂಡದ ನಕ್ಷೆ ತೆರೆದೆ. ನಾವು ಸರಾಸರಿ ತುಂಬಿದ ಖಾಲಿ ದಿನಗಳು ಎಲ್ಲ ನದಿಗಳ ಮೇಲೂ ಇದ್ದವು. ಅವುಗಳಲ್ಲಿ ಎಷ್ಟು ದಿನ ನಿಜಕ್ಕೂ ನೀರಿತ್ತು ಎಂದು ಕೇಳೋಣವೆಂದರೆ, ನನ್ನ ಬಳಿ ಇದ್ದದ್ದು ಈ ಒಬ್ಬ ಕಾಕಾನ ನಂಬರು ಮಾತ್ರ.