ಫೆಬ್ರವರಿಯ ಉಂಬಳ

ಹಿಮಾಲಯಕ್ಕೆ ಬರುತ್ತೇನೆಂದು ನಾನು ಒಪ್ಪಿಕೊಂಡದ್ದು ಗಂಡನನ್ನು ಮೂರು ವರ್ಷ ಸತಾಯಿಸಿದ ಮೇಲೆ. ಒಪ್ಪಿದ ಮರುಗಳಿಗೆಯಿಂದಲೇ ಹೆದರಿಕೆ ಶುರುವಾಯಿತು. ನಾನು ಪುಕ್ಕಲಿ, ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ದಾಟಿದೆ. ಕಳಸದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮೇಲೆ ಹೋದಂತೆ ಗಾಳಿ ವಿರಳವಾಗುತ್ತದೆ ಎಂದು ಬೋರ್ಡಿನ ಮೇಲೆ ಬೆಟ್ಟದ ಚಿತ್ರ ಬರೆದು ಎಷ್ಟು ಸಲ ತೋರಿಸಿದ್ದೇನೋ. ಆ ಗಾಳಿ ನನ್ನದೇ ಮೂಗಿಗೆ ಸಾಲದೆ ಹೋಗುವ ದಿನ ಬರಬಹುದೆಂದು ಒಂದು ಸಲವೂ ಅಂದುಕೊಂಡಿರಲಿಲ್ಲ.

ಆಸೆ ಪೂರ್ತಿ ನನ್ನ ಗಂಡನದು. ಸಂಸೆಯ ಹತ್ತಿರ ನಮಗೆ ಎರಡೂವರೆ ಎಕರೆ ಕಾಫಿ ತೋಟವಿದೆ, ಜೊತೆಗೊಂದು ಹಳೇ ಜೀಪು. ಗುಡ್ಡ ಹತ್ತಲು ಊರೂರುಗಳಿಂದ ಬರುವವರನ್ನು ಇವರು ಆ ಜೀಪಿನಲ್ಲಿ ಕುಲುಕಾಡಿಸಿಕೊಂಡು ಗುಡ್ಡದ ಬುಡಕ್ಕೆ ಬಿಟ್ಟು ಬರುತ್ತಾರೆ. ಅವರಲ್ಲಿ ಯಾರೋ ಒಬ್ಬರು ತಾವು ಹೋಗಿ ಬಂದ ಹಿಮದ ಕಣಿವೆಯೊಂದರ ಫೋಟೋವನ್ನು ಫೋನಿನಲ್ಲಿ ತೋರಿಸಿದ್ದರು. ಅಂದಿನಿಂದ ಇವರಿಗೆ ಅದೇ ಹುಚ್ಚು.

"ಹದಿಮೂರು ಸಾವ್ರ ಅಡಿಯಂತೆ ಮಾರಾಯ್ತಿ. ನಮ್ಮ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದ್ರ ಮೇಲೂ ಸ್ವಲ್ಪ ಹತ್ಬೇಕು," ಎಂದರು, ಏನೋ ತಿಂಡಿಯ ಸುದ್ದಿ ಹೇಳುವವರ ಹಾಗೆ.

ಶಾಲೆಗೆ ಬೇಸಿಗೆ ರಜ ಸಿಗುವುದರಿಂದ ಮೇ ತಿಂಗಳೆಂದು ಗೊತ್ತಾಯಿತು. ಜನವರಿಯಲ್ಲಿ, ಹಿಮಾಲಯಕ್ಕೆ ಕರೆದುಕೊಂಡು ಹೋಗುವ ಸಂಸ್ಥೆಯವರ ಕಡೆಯಿಂದ ಇಬ್ಬರಿಗೂ ಒಂದೊಂದು ಆರೋಗ್ಯದ ಫಾರಂ ಬಂತು. ನಾನು ಅದನ್ನು ಪರೀಕ್ಷೆ ಬರೆಯುವವಳಂತೆ ಕೂತು ತುಂಬಿದೆ. ಥೈರಾಯ್ಡಿನ ಮಾತ್ರೆ, ಒಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ಸುತ್ತಿ ಬಿದ್ದದ್ದು, ಚಿಕ್ಕಂದಿನಲ್ಲಿ ಬಂದಿದ್ದ ಕಾಮಾಲೆ, ಒಂದನ್ನೂ ಬಿಡಲಿಲ್ಲ. ಇಷ್ಟೆಲ್ಲ ಓದಿ ಅವರೇ ನೀವು ಬರಬೇಡಿ ಅಂದುಬಿಡಲಿ ಎಂಬ ದುರಾಸೆಯೂ ಇತ್ತೆನ್ನಿ. ಇವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಒಂದೇ ನಿಮಿಷದಲ್ಲಿ ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂದು ಬರೆದು ಮುಗಿಸಿದರು. ನನಗೆ ಹೊಟ್ಟೆಕಿಚ್ಚಾಯಿತು. ಐವತ್ನಾಲ್ಕು ವರ್ಷದ ಗಂಡಸಿಗೆ ಒಂದಾದರೂ 'ಹೌದು' ಬೇಡವೇ?

ಆಮೇಲಿನ ದಿನಗಳನ್ನು ನೆನೆದರೆ ನನಗೇ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಅಡುಗೆ ಮಾಡುತ್ತಲೇ ಫೋನಿನಲ್ಲಿ ಹಿಮಾಲಯದ ವಿಡಿಯೋ ನೋಡುತ್ತಿದ್ದೆ. ಯಾರೋ ಅಗಲವಿಲ್ಲದ ದಾರಿಯಲ್ಲಿ ಬಂಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯುತ್ತಿದ್ದರೆ ನನ್ನ ಅಂಗಾಲು ಬೆವರುತ್ತಿತ್ತು. ಟೆಂಟಿನ ಮುಂದೆ ತುಟಿ ನೀಲಿಗಟ್ಟಿ ಕೂತಿದ್ದ ಒಬ್ಬಾತನನ್ನು ನೋಡಿದ ದಿನ ಊಟ ಸೇರಲಿಲ್ಲ. ಕೊರೊನಾ ಕಾಲದಲ್ಲಿ ತಂದಿದ್ದ ಆಕ್ಸಿಮೀಟರನ್ನು ಹುಡುಕಿ ತೆಗೆದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬೆರಳಿಗೆ ಸಿಕ್ಕಿಸಿಕೊಳ್ಳತೊಡಗಿದೆ. ತೊಂಬತ್ತೇಳು ಬಂದರೆ ತೊಂಬತ್ತೆಂಟು ಯಾಕಿಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

"ಬನ್ನಿ, ನಿಮ್ದೂ ನೋಡ್ತೀನಿ," ಎಂದು ಒಮ್ಮೆ ಕರೆದೆ.

"ಕೈಯೆಲ್ಲ ಗ್ರೀಸು. ನಿಂದೊಂದು ಮಶೀನು," ಎಂದು ಹೋದರು. ಇನ್ನೊಮ್ಮೆ ಕೈ ಮಣ್ಣಾಗಿತ್ತು. ಮತ್ತೊಮ್ಮೆ ಏನಾಗಿತ್ತೋ ನೆನಪಿಲ್ಲ. ನನ್ನ ಬೆರಳು ನೋಡಿಕೊಳ್ಳುವುದೇ ನನಗೆ ಸಾಕಷ್ಟಿತ್ತು.

ಫೆಬ್ರವರಿಯಲ್ಲಿ ಕಾಡಿಗೆ ಬೆಂಕಿ ಬೀಳುವ ಕಾಲವೆಂದು ಗುಡ್ಡದ ದಾರಿ ಬಂದ್ ಆಯಿತು, ಜೀಪು ಶೆಡ್ಡು ಸೇರಿತು. ಅಭ್ಯಾಸಕ್ಕೆ ಇದೇ ಹೊತ್ತೆಂದು ಭಾನುವಾರ ಬೆಳಿಗ್ಗೆ ನಮ್ಮ ತೋಟದ ಹಿಂದಿನ ಹುಲ್ಲುಗುಡ್ಡ ಹತ್ತಲು ಶುರು ಮಾಡಿದೆವು. ಹೊಸ ಬೂಟು, ಬೆನ್ನಿಗೆ ಚೀಲ, ಭಾರಕ್ಕೆಂದು ಚೀಲದಲ್ಲಿ ಐದು ಸೇರು ಅಕ್ಕಿ. ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸರು ನಿಂತು ನೋಡಿ, "ಎಲ್ಲಿಗೆ ಟೀಚರೇ, ಮನೆ ಖಾಲಿ ಮಾಡಿ ಹೊರಟ್ರಾ?" ಎಂದು ನಕ್ಕರು.

ನಮ್ಮ ಕಡೆಯವರ ನಡಿಗೆಯ ವಿಷಯ ಇಲ್ಲಿ ಹೇಳಬೇಕು. ಜಿಗಣೆಗೆ ನಾವು ಉಂಬಳ ಎನ್ನುತ್ತೇವೆ. ಮಳೆ ಹಿಡಿದ ಮೇಲೆ ತೋಟ, ಕಾಡು, ಶಾಲೆಯ ದಾರಿ, ಎಲ್ಲೆಲ್ಲೂ ಅದೇ. ನಿಂತವರ ಕಾಲಿಗೆ ಹತ್ತುತ್ತದೆ. ಅದಕ್ಕೇ ನಾವು ದಾರಿಯಲ್ಲಿ ನಿಲ್ಲುವುದಿಲ್ಲ. ಏದುಸಿರು ಬಂದರೂ ಕಾಲು ಹಾಕುತ್ತಲೇ ಇರುತ್ತೇವೆ, ಮನೆ ಮುಟ್ಟಿದ ಮೇಲೆ ಜಗಲಿಯಲ್ಲಿ ಕೂತು ಒಟ್ಟಿಗೆ ಕಿತ್ತು ಉಪ್ಪು ಹಾಕುತ್ತೇವೆ. ಹಾಗೆ ನಡೆಯುವುದರಲ್ಲಿ ನನ್ನ ಗಂಡ ಊರಿಗೇ ಹೆಸರುವಾಸಿ. ಹತ್ತು ಹೆಜ್ಜೆಗೊಮ್ಮೆ ಕಾಲು ಎತ್ತಿ ನೋಡಿಕೊಂಡು ಕಿರುಚುವ ಪೇಟೆಯವರನ್ನು ಕಂಡರೆ ಇವರಿಗೆ ಎಲ್ಲಿಲ್ಲದ ತಮಾಷೆ. "ನಿಂತು ನೋಡೋರ್ಗೇ ಅದು ಹತ್ತೋದು, ನಡೀರಿ ಸಾರ್," ಎನ್ನುತ್ತಿದ್ದರು.

ಮೊದಲ ಭಾನುವಾರ ಗುಡ್ಡದ ಅರ್ಧದಲ್ಲಿ ಇವರು ನಿಂತರು. "ತಡಿ, ಉಂಬಳ ಇದ್ಯಾ ನೋಡ್ತೀನಿ," ಎಂದು ಬಗ್ಗಿ ಕಾಲುಚೀಲ ಕೆಳಗೆ ಮಾಡಿದರು. ನಾನೂ ಬಗ್ಗಿ ನನ್ನ ಕಾಲು ನೋಡಿಕೊಂಡೆ. ಹುಟ್ಟಿದಾರಭ್ಯದ ಅಭ್ಯಾಸ, ಉಂಬಳ ಎಂದು ಯಾರಾದರೂ ಅಂದರೆ ಸಾಕು, ನಮ್ಮ ಕೈ ತಾನಾಗಿ ಕಾಲಿಗೆ ಹೋಗುತ್ತದೆ. ನಿಂತದ್ದು ನನಗೆ ಒಳ್ಳೆಯದೇ ಆಯಿತು, ಉಸಿರು ತಿರುಗಿಸಿಕೊಂಡೆ. ಎರಡನೆಯ ಭಾನುವಾರ ಮೂರು ಸಲ ನಿಂತರು. ಪಾಪ, ನಾನು ಬಳಲಿದ್ದು ಕಂಡು, ನನಗೆ ಅವಮಾನವಾಗಬಾರದೆಂದು ನೆಪ ಹೇಳುತ್ತಿದ್ದಾರೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೆ ಕೊನೆಗೂ ಇಷ್ಟು ಸೂಕ್ಷ್ಮ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮನೆಗೆ ಬಂದು ಅವರಿಗಿಷ್ಟವೆಂದು ಕಡುಬು ಮಾಡಿ ಹಾಕಿದೆ.

ಮೂರನೆಯ ಭಾನುವಾರ ಎಷ್ಟು ಸಲ ನಿಂತರೋ ನಾನು ಎಣಿಸಲಿಲ್ಲ. ಕೊನೆಯ ಏರಿನಲ್ಲಿ ಬಹಳ ಹೊತ್ತು ಬಗ್ಗಿದ್ದರು. ಒಂದು ಕೈ ಮಂಡಿಯ ಮೇಲಿತ್ತು. ತುದಿ ಮುಟ್ಟಿದ ಮೇಲೆ ನಾನು ಕಲ್ಲಿನ ಮೇಲೆ ಕೂತು, ಬೂಟಿನೊಳಗೆ ಏನೋ ಚುಚ್ಚುತ್ತಿದೆಯೆಂದು ಕಳಚಿ ಕೊಡವಿದೆ. ಕೆಂಪು ಧೂಳು ಹಾರಿತು. ಕಾಲುಚೀಲದ ತುಂಬ ಒಣಹುಲ್ಲಿನ ಬೀಜ ಕಚ್ಚಿಕೊಂಡಿತ್ತು. ಕೆಳಗೆ ತೋಟಗಳಲ್ಲಿ ಕಾಫಿಗಿಡಗಳು ಮೊಗ್ಗು ಅರಳಿಸುವ ಹೂಮಳೆಗೆ ಕಾದು ಎಲೆ ಜೋತುಬಿಟ್ಟಿದ್ದವು. ಮಳೆ ಬಿದ್ದು ಎರಡು ತಿಂಗಳ ಮೇಲಾಗಿತ್ತು.

ಇಂಥ ಧೂಳಿನಲ್ಲಿ ಉಂಬಳ ಎಲ್ಲಿಂದ ಬರಬೇಕು?

ಕೈಯಲ್ಲಿದ್ದ ಬೂಟು ಹಾಗೇ ಉಳಿಯಿತು. ಇವರು ಸ್ವಲ್ಪ ದೂರದಲ್ಲಿ ನನಗೆ ಬೆನ್ನು ಹಾಕಿ ನಿಂತು ಕಣಿವೆ ನೋಡುತ್ತಿದ್ದರು. ಎಡಭುಜವನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದರು. ಆ ಭುಜವನ್ನು ಹೀಗೆ ನೀವಿಕೊಳ್ಳುವುದನ್ನು ನಾನು ಮೊದಲೂ ಕಂಡಿದ್ದೆ, ಸ್ಟೀರಿಂಗ್ ಹಿಡಿದು ಹಿಡಿದು ನೋವೆಂದು ಅವರೇ ಹೇಳಿದ್ದರು, ನಾನೇ ಎಣ್ಣೆ ಹಚ್ಚಿದ್ದೆ. ಹದಿಮೂರು ಸಾವಿರ ಅಡಿಯ ಮೇಲೆ ನನಗೇನಾಗುತ್ತದೋ ಎಂದು ತಿಂಗಳಿಡೀ ಬೆರಳು ನೋಡಿಕೊಂಡು ಕೂತವಳು ಪಕ್ಕದಲ್ಲಿದ್ದವರ ಮುಖ ನೋಡಿರಲಿಲ್ಲ.

ಇಳಿಯುವಾಗ ಬೇಕೆಂದೇ ಹಿಂದೆ ಉಳಿದೆ. ಅವರ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಇಲ್ಲೇ ಕುಸಿದರೆ ಏನು ಮಾಡಲಿ, ಯಾರನ್ನು ಕೂಗಲಿ, ಫೋನಿಗೆ ಸಿಗ್ನಲ್ ಸಿಗುವುದು ಬೇಲಿಯ ಹತ್ತಿರ ಮಾತ್ರ. ಒಂದು ಕಲ್ಲು ಉರುಳಿ ಅವರು ತುಸು ಜಾರಿದಾಗ ನನ್ನ ಬಾಯಿಂದ ಕೂಗು ಹೊರಟೇ ಹೋಯಿತು.

"ಎಂತ ಮಾರಾಯ್ತಿ, ಇಷ್ಟಕ್ಕೇ ಹೆದ್ರಿದ್ರೆ ಅಲ್ಲಿ ಎಂತ ಮಾಡ್ತಿ?" ಎಂದು ನಕ್ಕರು.

ಕೇಳಿಬಿಡಬೇಕಿತ್ತು. ಕೇಳಲಿಲ್ಲ. ಕೇಳಿದರೆ ಹೌದು ಎಂದಾರು ಎಂಬ ಭಯ. ಎರಡು ದಿನ ಶಾಲೆಯಲ್ಲಿ ಪಾಠ ಮಾಡುತ್ತಾ ಕಿವಿಯನ್ನು ಫೋನಿಗೆ ಕೊಟ್ಟಿದ್ದೆ. ಎಂಟನೇ ತರಗತಿಯಲ್ಲಿ ಹೃದಯದ ಚಿತ್ರ ಬರೆಯಬೇಕಾಗಿತ್ತು. ನಾಳೆ ಬರೆಯೋಣ ಎಂದು ಹೊರಗೆ ಬಂದುಬಿಟ್ಟೆ.

ಬುಧವಾರ ಸಂಜೆ ಮನೆಗೆ ಬಂದಾಗ ಇವರು ಕಣದಲ್ಲಿ ಒಣಹಾಕಿದ್ದ ಕಾಫಿಹಣ್ಣನ್ನು ಕಾಲಿನಿಂದ ಸಾಲೆಳೆದು ತಿರುವಿ ಹಾಕುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಅವರ ಫಾರಂ ಹಿಡಿದು ಎದುರು ನಿಂತೆ.

"ಇದನ್ನ ಇನ್ನೊಂದ್ಸಲ ತುಂಬ್ಬೇಕಂತೆ," ಎಂದು ಸುಳ್ಳು ಹೇಳಿದೆ. "ನಾನು ಓದ್ತೀನಿ, ನೀವು ಹೇಳಿ. ಸಕ್ಕರೆ ಕಾಯಿಲೆ?"

"ಇಲ್ಲ."

"ಬಿಪಿ?"

"ಇಲ್ಲ ಅಂತ ಬರ್ದಿದೀನಲ್ಲ."

"ಫೆಬ್ರವರಿ ತಿಂಗ್ಳಲ್ಲಿ ಉಂಬಳ?"

ಕಾಲು ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಕಾಫಿಯನ್ನೇ ನೋಡುತ್ತಿದ್ದರು. ಮುಖದ ಮೇಲೆ ನಗು ತರಲು ನೋಡಿದರು, ಬರಲಿಲ್ಲ. ಆಮೇಲೆ ಕಣದ ಕಟ್ಟೆಯ ಮೇಲೆ ಕೂತರು.

"ದೀಪಾವಳಿ ಆದ್ಮೇಲೆ ಶುರುವಾದ್ದು," ಎಂದು ಎದೆಯ ಮೇಲೆ ಕೈ ಇಟ್ಟರು. "ಏರು ಹತ್ತುವಾಗ ಇಲ್ಲಿ ಕಲ್ಲು ಇಟ್ಟಂಗೆ ಆಗ್ತದೆ. ಎರಡು ನಿಮಿಷ ನಿಂತ್ರೆ ಹೋಗ್ತದೆ. ಎಂತದೂ ಇಲ್ಲ ಅದು."

"ಎಂತದೂ ಇಲ್ದಿದ್ರೆ ಯಾಕೆ ಮುಚ್ಚಿಟ್ರಿ?"

"ಅಪ್ಪನಿಗೂ ಐವತ್ನಾಲ್ಕೇ ಆಗಿತ್ತು," ಎಂದರು ಕೊನೆಗೆ. ಮಾವನನ್ನು ನಾನು ನೋಡಿಲ್ಲ. ತೋಟದ ಕೆಲಸ ಮುಗಿಸಿ ಬಂದು ನೀರು ಕೇಳಿದವರು ನೀರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. "ಅಷ್ಟು ಎತ್ತರ ಹತ್ತಿ ಬಂದ್ರೆ ನಂಗೆ ಎಂತದೂ ಇಲ್ಲ ಅಂತ ಗೊತ್ತಾಗ್ತದೆ ಅಂದ್ಕೊಂಡೆ ಕಣೆ. ಆಮೇಲೆ ಹೆದ್ರೋದೇ ಬೇಡ ಅಂತ."

"ವಾಪಸ್ ಬರ್ದೇ ಇದ್ರೆ?" ಎಂದು ಕಿರುಚಿದೆ. "ಅಲ್ಲೇ ಉಳ್ಕೊಂಡ್ರೆ? ಹದಿಮೂರು ಸಾವ್ರ ಅಡಿ ಮೇಲೆ ನಾನೊಬ್ಳೇ ಎಂತ ಮಾಡ್ಬೇಕಿತ್ತು?"

ಫಾರಂ ಹರಿದು ಅವರ ಮೇಲೇ ಎಸೆದೆ. ಅವರು ಎದ್ದು ಬಂದು ಚೂರುಗಳನ್ನು ಕಾಫಿಯಿಂದ ಒಂದೊಂದಾಗಿ ಆರಿಸತೊಡಗಿದರು. ಅದನ್ನು ನೋಡಿ ನನಗೆ ಅಳು ಬಂತು. ಇಡೀ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ನನ್ನದಾದರೂ ಬಾಯಿ ಬಿಟ್ಟು ಹೇಳಿಕೊಂಡ ಹೆದರಿಕೆ. ಅವರು ಮೂರು ತಿಂಗಳು ಅದನ್ನು ಒಬ್ಬರೇ ಹೊತ್ತುಕೊಂಡು ಗುಡ್ಡ ಹತ್ತಿದ್ದರು.

ಮರುದಿನ ಬೆಳಿಗ್ಗೆ ಮಂಗಳೂರಿಗೆ ಹೊರಟೆವು. ಘಾಟಿಯಲ್ಲಿ ಜೀಪು ಓಡಿಸುತ್ತೇನೆಂದು ಹಟ ಹಿಡಿದವರನ್ನು ಗದರಿ ಬಾಡಿಗೆ ಕಾರಿನಲ್ಲಿ ಕೂರಿಸಿದೆ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಅವರ ಮಣಿಕಟ್ಟು ಹಿಡಿದುಕೊಂಡೇ ಕೂತಿದ್ದೆ. ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿದವರು ಸ್ವಲ್ಪ ಹೊತ್ತಿಗೇ ಸಾಕೆಂದು ನಿಲ್ಲಿಸಿದರು. ಸಂಜೆಯೊಳಗೆ ಎರಡು ಕಡೆ ಸ್ಟೆಂಟ್ ಹಾಕಿದರು. ಡಾಕ್ಟರು ಹೇಳಿದ್ದು ಇಷ್ಟೇ: "ನಡೆದಾಗ ಬಂದು ನಿಂತಾಗ ಹೋಗುವ ನೋವನ್ನ ಯಾವತ್ತೂ ನಂಬಬೇಡಿ. ಮೇ ತಿಂಗಳವರೆಗೆ ಇದು ಕಾಯ್ತಿರಲಿಲ್ಲ ಅಂತ ಕಾಣ್ತದೆ." ನಾನು ಗೋಡೆಗೆ ಒರಗಿ ನಿಂತೆ.

ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು, ಗಾಯ ಮಾಡಿಕೊಳ್ಳಬಾರದು ಎಂದರು. ದಿನಾ ಸಮತಟ್ಟಾದ ರಸ್ತೆಯಲ್ಲಿ ನಡೆಯಬೇಕು, ನಿಧಾನವಾಗಿ, ಬೇಕೆನಿಸಿದಲ್ಲಿ ನಿಂತು. ಆ ಕೊನೆಯ ಮಾತು ಇವರಿಗೆ ಬಲು ಕಷ್ಟವಾಯಿತು. ಐವತ್ತು ವರ್ಷ ನಿಲ್ಲದೆ ನಡೆದ ಕಾಲಿಗೆ ನಿಲ್ಲುವುದನ್ನು ಹೊಸದಾಗಿ ಕಲಿಸಬೇಕಾಯಿತು. ನಿಲ್ಲದಿದ್ದರೆ ನನಗೆ ಹೆದರಿಕೆ, ನಿಂತರೆ ಇನ್ನೂ ಹೆದರಿಕೆ. ಸುಮ್ಮನೆ ಹಕ್ಕಿ ನೋಡಲು ನಿಂತರೂ ನಾನು ಅವರ ಭುಜವನ್ನೇ ನೋಡುತ್ತಿದ್ದೆ.

ಮೇ ತಿಂಗಳು ಬಂತು, ಹೋಯಿತು. ಹಿಮಾಲಯದ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೂಟು ಮಾತ್ರ ಅವರು ಬಿಡಲಿಲ್ಲ. ಊರ ರಸ್ತೆಯಲ್ಲಿ ನಡೆಯಲೂ ಅದೇ ಬೇಕು.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಸಣ್ಣ ಮಳೆಯಲ್ಲಿ ಕೊಡೆ ಹಿಡಿದು ಹೊರಟಿದ್ದೆವು. ನಾನು ನಾಲ್ಕು ಹೆಜ್ಜೆ ಮುಂದಿದ್ದೆ. ಹಿಂದೆ ಬೂಟಿನ ಸದ್ದು ನಿಂತಿತು. ತಿರುಗಿ ನೋಡಿದರೆ ಇವರು ಬಗ್ಗಿದ್ದರು, ಒಂದು ಕೈ ಮಂಡಿಯ ಮೇಲಿತ್ತು. ನನ್ನ ಕೊಡೆ ಎಲ್ಲಿ ಬಿತ್ತೋ ಗೊತ್ತಿಲ್ಲ.

"ಏನಿಲ್ಲ, ಉಂಬಳ," ಎಂದರು.

ನಾನು ನಂಬಲಿಲ್ಲ. ಒದ್ದೆ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅವರ ಕಾಲುಚೀಲ ಕೆಳಗೆಳೆದೆ. ಹರಡಿನ ಮೇಲೆ, ಕುಡಿದು ದಪ್ಪಗಾಗಿ, ನಿಜವಾಗಿಯೂ ಒಂದು ಉಂಬಳ ಕಚ್ಚಿಕೊಂಡಿತ್ತು. ಉಂಬಳ ಕಂಡು ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಕಿತ್ತು ಎಸೆದೆ. ರಕ್ತ ಇಳಿಯತೊಡಗಿತು, ಮಾತ್ರೆಯ ರಕ್ತ, ನಿಲ್ಲುವ ಲಕ್ಷಣವೇ ಇರಲಿಲ್ಲ. ಹೆಬ್ಬೆರಳಿನಿಂದ ಗಾಯವನ್ನು ಒತ್ತಿ ಹಿಡಿದೆ.

"ನಡಿಯೇ, ನಿಂತ್ರೆ ಇನ್ನೂ ಹತ್ತುತ್ವೆ," ಎಂದರು.

"ಹತ್ಲಿ," ಎಂದೆ. "ನೀವು ನಿಲ್ಲಿ."