ರಕ್ತಕ್ಕಿಂತ ಮುಂಚೆ ಬಂದ ರಿಪೋರ್ಟು

ಪ್ರಿಯಂವದಾಳ ಮೇಜಿನ ಮೇಲೆ ಆ ರಿಪೋರ್ಟನ್ನು ಇಟ್ಟವರು ಭದ್ರಾವತಿಯ ಕೃಷ್ಣಪ್ಪನವರು. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತು, ಯಾರು ಎಷ್ಟೊತ್ತಿಗೆ ಗೇಟು ದಾಟಿದರು ಅಂತ ಬರೆದಿಟ್ಟು ನಿವೃತ್ತರಾದವರು. ರಿಪೋರ್ಟಿನ ಎರಡು ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡೇ ಬಂದಿದ್ದರು.

"ಓದಮ್ಮ. ರಕ್ತ ತೆಗೆದದ್ದು ಎಷ್ಟೊತ್ತಿಗೆ?"

"ಎಂಟು ಹತ್ತು."

"ಡಾಕ್ಟರು ಸಹಿ ಹಾಕಿದ್ದು?"

"ಏಳು ಐವತ್ತೆಂಟು."

"ಅಂದ್ರೆ ನಾನು ರಕ್ತ ಕೊಡೋದಕ್ಕೆ ಹನ್ನೆರಡು ನಿಮಿಷ ಮುಂಚೆನೇ ನನ್ನ ಸಕ್ಕರೆ ಇನ್ನೂರ ಹನ್ನೆರಡು ಅಂತ ನಿಮಗೆ ಗೊತ್ತಾಗಿತ್ತು. ಲ್ಯಾಬ್ ನಡೆಸ್ತೀರೋ, ಕವಡೆ ಶಾಸ್ತ್ರ ಹೇಳ್ತೀರೋ? ಇದು ನನ್ನ ರಕ್ತ ಅಲ್ಲ ಬಿಡಿ."

ಹಿಂದೆ ನಿಂತಿದ್ದ ಅವರ ಹೆಂಡತಿ ಪುಷ್ಪಮ್ಮ ಹಣೆ ಒತ್ತಿಕೊಂಡರು. "ನಿನ್ನೆಯಿಂದ ಇದೇ ನೆಪ ಕಣಮ್ಮ. ಟೈಮು ತಪ್ಪು, ಹಂಗಾಗಿ ಸಕ್ಕರೇನೂ ತಪ್ಪು ಅಂತ ರಾತ್ರಿ ಮೂರು ಹೋಳಿಗೆ ತಿಂದ್ರು. ಹಾಲು, ತುಪ್ಪ ಬೇರೆ."

ಪ್ರಿಯಂವದಾಳಿಗೆ ನಗು ಬಂತು, ಅದರ ಹಿಂದೆಯೇ ಸಣ್ಣ ಭಯವೂ ಬಂತು. ಶಿವಮೊಗ್ಗದ ದುರ್ಗಿಗುಡಿಯ ಆ ಲ್ಯಾಬಿನ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಭದ್ರಾವತಿಯ ಓಲ್ಡ್ ಟೌನಿನ ಶಾಖೆಯಲ್ಲಿ ರಕ್ತ ತೆಗೆದು ಸಕ್ಕರೆ ಅಲ್ಲೇ ನೋಡುತ್ತಾರೆ. ಫಲಿತಾಂಶ ಕಂಪ್ಯೂಟರಿನಲ್ಲೇ ದುರ್ಗಿಗುಡಿಗೆ ಬರುತ್ತದೆ. ಇಲ್ಲಿಯ ಡಾಕ್ಟರು ನೋಡಿ ಸಹಿ ಹಾಕುತ್ತಾರೆ. ಇಲ್ಲಿಯ ದೊಡ್ಡ ಕಂಪ್ಯೂಟರು ದೇಶದ ಅಧಿಕೃತ ಗಡಿಯಾರವನ್ನು ಇಂಟರ್ನೆಟ್ಟಿನಲ್ಲಿ ಆಗಾಗ ಕೇಳಿ ತನ್ನನ್ನು ತಿದ್ದಿಕೊಳ್ಳಬೇಕು, ಉಳಿದವೆಲ್ಲ ಇದನ್ನು ಕೇಳಬೇಕು ಎಂದು ಅವಳೇ ವ್ಯವಸ್ಥೆ ಮಾಡಿದ್ದಳು. ಭದ್ರಾವತಿ ಮಾತ್ರ ಕೇಳುವುದನ್ನು ಯಾವಾಗಲೋ ಬಿಟ್ಟಿತ್ತು. ಅದನ್ನು ತಾನು ನೋಡಿರಲೇ ಇಲ್ಲ.

"ನಾಳೆ ಬೆಳಿಗ್ಗೆ ಅಲ್ಲಿಗೆ ನಾನೇ ಬರ್ತೀನಿ ಸರ್. ನೀವೂ ಖಾಲಿ ಹೊಟ್ಟೇಲಿ ಬನ್ನಿ, ಇನ್ನೊಂದ್ಸಲ ನೋಡೋಣ."

"ಬರ್ತಾರೆ. ನಾನು ಕರ್ಕೊಂಡು ಬರ್ತೀನಿ," ಎಂದರು ಪುಷ್ಪಮ್ಮ.

ಮಾರನೆಯ ದಿನ ಮೊದಲ ಬಸ್ಸು ಹಿಡಿದು ಪ್ರಿಯಂವದಾ ಓಲ್ಡ್ ಟೌನ್ ತಲುಪಿದಾಗ ಅವಳ ಮೊಬೈಲಿನಲ್ಲಿ ಏಳು ಇಪ್ಪತ್ತು. ಶಾಖೆಯ ಗೋಡೆಯ ಮೇಲೆ ಎಂಟು ಗಂಟೆ. ಕಂಪ್ಯೂಟರಿನಲ್ಲೂ ಎಂಟು, ಬೆರಳೊತ್ತುವ ಹಾಜರಾತಿ ಯಂತ್ರದಲ್ಲೂ ಎಂಟು. ಪ್ರಿಂಟರೊಂದು ಯಾರ ಗೊಡವೆಯೂ ಬೇಡವೆಂದು ಲಂಡನ್ನಿನ ಟೈಮು ತೋರಿಸುತ್ತ ಕೂತಿತ್ತು.

ಶಾಖೆಯ ಮ್ಯಾನೇಜರ್ ಕೊಟ್ರಬಸಪ್ಪನವರು ಮುಚ್ಚುಮರೆ ಮಾಡಲಿಲ್ಲ.

"ನಾನೇ ಮುಂದಿಟ್ಟಿದ್ದು ಮೇಡಂ. ಸ್ಟಾಫು ಲೇಟಾಗಿ ಬರ್ತಾರೆ. ಮೊದಲು ಹತ್ತು ನಿಮಿಷ ಮುಂದಿಟ್ಟೆ, ವಾರದೊಳಗೆ ಒಗ್ಗಿಬಿಟ್ರು. ಇಪ್ಪತ್ತು ಮಾಡ್ದೆ, ಅದಕ್ಕೂ ಒಗ್ಗಿದ್ರು. ಕಂಪ್ಯೂಟರು ಪ್ರತಿಸಲ ತಾನೇ ಹಿಂದಕ್ಕೆ ಬರ್ತಿತ್ತು, ಅದಕ್ಕೆ ಸೆಟ್ಟಿಂಗಲ್ಲಿದ್ದ ಅದೇನೋ ಟಿಕ್ಕು ತೆಗೆದುಹಾಕ್ದೆ. ಈಗ ನಲವತ್ತು ನಡೀತಿದೆ."

"ಈಗ ಬೇಗ ಬರ್ತಾರಾ?"

"ಇಲ್ಲ. ನಲವತ್ತು ನಿಮಿಷ ಮುಂದಿದೆ ಅಂತ ಎಲ್ರಿಗೂ ಗೊತ್ತಲ್ಲ, ಕಳೆದುಕೊಂಡು ಬರ್ತಾರೆ. ನಾನೂ ನಲವತ್ತು ನಿಮಿಷ ರಿಯಾಯಿತಿ ಕೊಡ್ತೀನಿ."

"ಹಾಗಾದ್ರೆ ಮುಂದಿಟ್ಟು ಏನು ಬಂತು?"

ಕೊಟ್ರಬಸಪ್ಪನವರು ತುಸು ಯೋಚಿಸಿ, "ಒಂದು ಶಿಸ್ತು ಅಂತ ಇರುತ್ತಲ್ಲ ಮೇಡಂ," ಎಂದರು.

ಸರಿಪಡಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭವಿರಲಿಲ್ಲ. ಎಂಟು ಗಂಟೆಯನ್ನು ಒಮ್ಮೆಲೇ ಏಳು ಇಪ್ಪತ್ತಕ್ಕೆ ಎಳೆದರೆ ನಡುವಿನ ನಲವತ್ತು ನಿಮಿಷ ಎರಡೆರಡು ಸಲ ಬರುತ್ತದೆ. ಮೊದಲ ಸಲದ ರಕ್ತ ಯಾವುದು, ಎರಡನೇ ಸಲದ್ದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಗೊತ್ತಾಗದ ಹಾಗೆ ಚೂರುಚೂರೇ ನಿಧಾನ ಮಾಡುತ್ತ ಬಂದರೆ ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಉಳಿದದ್ದು ಒಂದೇ ದಾರಿ: ಗಡಿಯಾರ ಹಿಂದಕ್ಕೆ ಹಾಕಿ, ನಿಜವಾದ ಎಂಟು ಗಂಟೆ ದಾಟುವವರೆಗೆ ಕಂಪ್ಯೂಟರಿನಲ್ಲಿ ಏನನ್ನೂ ದಾಖಲಿಸದೆ ಸುಮ್ಮನಿರುವುದು.

"ನಲವತ್ತು ನಿಮಿಷ ಯಾರ ಎಂಟ್ರಿನೂ ಮಾಡೋ ಹಾಗಿಲ್ಲ," ಎಂದಳು.

ಬೆಂಚಿನ ಮೇಲೆ ಹದಿನಾಲ್ಕು ಜನ ಕೂತಿದ್ದರು. ಎಲ್ಲರದೂ ಖಾಲಿ ಹೊಟ್ಟೆ, ಬಹುಪಾಲು ಸಕ್ಕರೆ ಕಾಯಿಲೆಯವರು. ಅವರಿಗೆ ಈ ಮಾತು ಹೇಳುವುದೂ ಒಂದೇ, ಜೇನುಗೂಡಿಗೆ ಕಲ್ಲು ಹೊಡೆಯುವುದೂ ಒಂದೇ.

"ಏನ್ ಮಾರಾಯ, ರಾತ್ರಿ ಎಂಟಕ್ಕೆ ಉಂಡಿದ್ದು! ಕಂಪ್ಯೂಟರಿಗೆ ಹಸಿವಿಲ್ಲ, ನಮಗಿಲ್ವಾ?" ಎಂದು ಒಬ್ಬರು ಕೊಟ್ರಬಸಪ್ಪನವರ ಮೇಲೇ ಏರಿಹೋದರು. ಇನ್ನೊಬ್ಬಾಕೆ ಚೀಲದಿಂದ ಇಡ್ಲಿ ಡಬ್ಬಿ ತೆಗೆದು ಮುಚ್ಚಳಕ್ಕೆ ಕೈ ಹಾಕಿದರು. ಪ್ರಿಯಂವದಾಳ ಕಿವಿ ಕೆಂಪಾಯಿತು. ತಂತಿ, ಯಂತ್ರದ ಜೊತೆ ಎಷ್ಟು ಹೊತ್ತಾದರೂ ಏಗುತ್ತಿದ್ದಳು. ಹಸಿದ ಜನರ ಜೊತೆ ಏಗುವುದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಬೆಂಚಿನ ತುದಿಯಿಂದ ಕೃಷ್ಣಪ್ಪನವರು ಎದ್ದರು.

"ಇಡ್ಲಿ ಒಳಗಿಡಿ ತಾಯಿ!" ಎಂದವರು ಪ್ರಿಯಂವದಾಳ ಕಡೆ ತಿರುಗಿದರು. "ಕೇಳಮ್ಮ, ನಮ್ಮ ಟೈಮ್ ಆಫೀಸಲ್ಲಿ ಪಂಚಿಂಗ್ ಗಡಿಯಾರ ಕೆಟ್ಟಾಗ ಗೇಟು ಮುಚ್ತಿದ್ವಾ? ಪುಸ್ತಕ ತೆಗೆದು ಕೈಲಿ ಬರೀತಿದ್ವಿ. ರಕ್ತ ತೆಗೀತಾ ಇರ್ಲಿ. ಟೈಮು ಒಬ್ಬನೇ ಹೇಳ್ಬೇಕು, ಒಬ್ಬನೇ ಬರೀಬೇಕು. ಕಂಪ್ಯೂಟರಿಗೆ ಆಮೇಲೆ ಹಾಕ್ಕೊಳಿ."

ಇಷ್ಟು ಸಣ್ಣ ಉಪಾಯ ತನಗೇಕೆ ಹೊಳೆಯಲಿಲ್ಲ ಎಂದು ಪ್ರಿಯಂವದಾ ಅವರ ಮುಖವನ್ನೇ ನೋಡಿದಳು. ಕೃಷ್ಣಪ್ಪನವರು ತಮ್ಮ ಕೈಗಡಿಯಾರವನ್ನು ಅವಳ ಮೊಬೈಲಿಗೆ ಸೆಕೆಂಡು ಸಮೇತ ಹೊಂದಿಸಿಕೊಂಡರು. ಕೊಟ್ರಬಸಪ್ಪನವರ ಕೈಗೆ ಪುಸ್ತಕ ಕೊಟ್ಟರು. ಆಮೇಲೆ ಸೂಜಿ ಚುಚ್ಚುವ ಕೋಣೆಯ ಬಾಗಿಲಲ್ಲಿ ನಿಂತು ಕಾರ್ಖಾನೆಯ ಸೈರನ್ನಿನಂಥ ದನಿಯಲ್ಲಿ ಕೂಗತೊಡಗಿದರು.

"ಏಳು ಮೂವತ್ತೊಂದು! ಬರ್ಕೊಳಿ! ಏಳು ಮೂವತ್ತಮೂರೂವರೆ!"

"ಅರ್ಧ ಬೇಕಾ ಸರ್?"

"ಬೇಕು!"

ಗಲಾಟೆ ಮಾಡಿದವರೆಲ್ಲ ತಮ್ಮ ಸರದಿಗೆ ಟೈಮು ಕೂಗಿಸಿಕೊಳ್ಳುವ ಖುಷಿಯಲ್ಲಿ ಸಾಲಾಗಿ ನಿಂತರು. ಹದಿಮೂರು ಜನ ಮುಗಿದ ಮೇಲೆ ಪುಷ್ಪಮ್ಮ ಗಂಡನ ತೋಳು ಹಿಡಿದು ಕುರ್ಚಿಗೆ ಕೂರಿಸಿದರು. ಸೂಜಿ ಚುಚ್ಚುವಾಗ ಕೃಷ್ಣಪ್ಪನವರು ಕಣ್ಣು ಮುಚ್ಚಿಕೊಂಡೇ, "ಏಳು ಐವತ್ತಾರು," ಎಂದು ಮೆಲ್ಲಗೆ ಹೇಳಿದರು.

ಅಷ್ಟು ಹೊತ್ತಿಗೆ ಪ್ರಿಯಂವದಾ ಕಂಪ್ಯೂಟರು, ಹಾಜರಾತಿ ಯಂತ್ರ, ಲಂಡನ್ನಿನ ಪ್ರಿಂಟರು ಮೂರನ್ನೂ ದುರ್ಗಿಗುಡಿಯ ಗಡಿಯಾರಕ್ಕೆ ಕಟ್ಟಿ, ಕುರ್ಚಿ ಹತ್ತಿ ಗೋಡೆಯದನ್ನೂ ತಿದ್ದಿದ್ದಳು. ಆ ಟಿಕ್ಕಿಗೆ ಇನ್ಯಾರೂ ಕೈ ಹಾಕದಂತೆ ಪಾಸ್‌ವರ್ಡ್ ಬದಲಿಸಿದಳು. ಎಂಟು ದಾಟಿದ ಮೇಲೆ ಪುಸ್ತಕ ನೋಡಿ ಹದಿನಾಲ್ಕೂ ಹೆಸರು ಹಾಕಿದರು.

ಎಂಟು ನಲವತ್ತೊಂದಕ್ಕೆ ಕೃಷ್ಣಪ್ಪನವರ ರಿಪೋರ್ಟು ಬಂತು. ಅವರು ಕನ್ನಡಕ ಏರಿಸಿ ಮೊದಲು ನೋಡಿದ್ದು ಟೈಮನ್ನೇ. ರಕ್ತ ಮೊದಲು, ಸಹಿ ಆಮೇಲೆ. ಹುಡುಕಿದರೂ ತಪ್ಪಿಲ್ಲ. ಸಕ್ಕರೆ ಇನ್ನೂರ ಇಪ್ಪತ್ತೊಂದು.

"ಈಗೇನಂತೀರಿ?" ಎಂದರು ಪುಷ್ಪಮ್ಮ.

ಕೃಷ್ಣಪ್ಪನವರು ಹೆಂಡತಿಯನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಕೊನೆಗೆ ಪ್ರಿಯಂವದಾಳ ಕಡೆ ತಿರುಗಿ, "ಒಳ್ಳೆ ಕೆಲಸ ಮಾಡಿದೆ ಕಣಮ್ಮ, ಎಲ್ಲ ಸರಿ ಮಾಡಿಟ್ಟೆ," ಎಂದರು. ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಅವತ್ತೇ ಪುಷ್ಪಮ್ಮ ಅವರನ್ನು ಡಾಕ್ಟರ ಬಳಿ ಕರೆದೊಯ್ದು ಮಾತ್ರೆ ಬರೆಸಿದರು. ಅವನ್ನು ಅವರು ನಿಮಿಷ ತಪ್ಪದೆ ನುಂಗುತ್ತಾರಂತೆ.

ವಾರದ ಮೇಲೆ ಕೊಟ್ರಬಸಪ್ಪನವರ ಫೋನು ಬಂತು. "ಗಡಿಯಾರ ಮುಟ್ಟೋ ಹಾಗಿಲ್ಲ. ಲೇಟಾಗಿ ಬರೋರಿಗೆ ಏನು ಮಾಡ್ಲಿ ಮೇಡಂ?"

"ಯಾಕೆ ಲೇಟು ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. ಕೇಳಿದಾಗ ತಿಳಿಯಿತು: ನಾಲ್ವರಲ್ಲಿ ಮೂವರು ಬರುವುದು ತರೀಕೆರೆ ಕಡೆಯ ಒಂದೇ ಬಸ್ಸಿನಲ್ಲಿ, ಅದು ಓಲ್ಡ್ ಟೌನ್ ಮುಟ್ಟುವುದೇ ಏಳೂ ಹತ್ತಕ್ಕೆ. ಕೊಟ್ರಬಸಪ್ಪನವರು ಏಳಕ್ಕೆ ಶುರುವಾಗುತ್ತಿದ್ದ ಕೆಲಸವನ್ನು ಏಳೂಕಾಲಿಗೆ ಶುರು ಮಾಡಿದರು. ಈಗ ಲೇಟಾಗಿ ಬರುವವರು ನಾಲ್ಕನೆಯವರೊಬ್ಬರೇ. ಅವರ ಮನೆ ಲ್ಯಾಬಿನ ಎದುರಿಗೇ ಇದೆ.