ಕೆಂಪು ಕಲ್ಲಿಗೆ ಎರೆದ ನೀರು

೧೯೮೭ರ ಬೇಸಿಗೆ. ಆಗ ನಾವು ಹುನಗುಂದದಲ್ಲಿದ್ದೆವು. ನಮ್ಮ ಯಜಮಾನರು ಈರಣ್ಣ, ಊರ ಹೊರಗಿನ ಒಂದು ನೂಲಿನ ಗಿರಣಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಈ ಪ್ರಸಂಗವನ್ನು ಮನೆಗೆ ಬಂದವರಿಗೆಲ್ಲ ಅವರೇ ಹೇಳುತ್ತಿದ್ದರು. ನಾನು ಚಹಾ ತಂದಿಟ್ಟು, ಅವರು ಮರೆತದ್ದನ್ನು ನೆನಪಿಸುತ್ತಿದ್ದೆ. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಹೇಳುವವರು ಹೋದ ಮೇಲೆ, ನಾನಾದರೂ ಬರೆದಿಡಬೇಕು ಅನ್ನಿಸಿತು.

ಆಗಿನ ಕಂಪ್ಯೂಟರ್ ಈಗಿನಂತೆ ಮೇಜಿನ ಮೇಲೆ ಕೂರುವಂಥದ್ದಲ್ಲ. ಕಪಾಟಿನಷ್ಟು ದೊಡ್ಡ ಯಂತ್ರ ಒಂದು ಕೋಣೆಯಲ್ಲಿ. ಅಲ್ಲಿಂದ ತಂತಿ ಎಳೆದು ಸ್ಟೋರಿನಲ್ಲಿ, ಟೈಮ್ ಆಫೀಸಿನಲ್ಲಿ, ಲೆಕ್ಕದ ವಿಭಾಗದಲ್ಲಿ ಪರದೆಗಳನ್ನು ಇಟ್ಟಿದ್ದರು. ದೊಡ್ಡ ಯಂತ್ರ ನಿಂತರೆ ಎಲ್ಲ ಕಡೆ ಕೆಲಸ ನಿಂತ ಹಾಗೆ. ಆ ಕೋಣೆಗೆ ಚಪ್ಪಲಿ ಕಳಚಿಟ್ಟೇ ಹೋಗಬೇಕಿತ್ತು. ಇಡೀ ಗಿರಣಿಯಲ್ಲಿ ತಂಪಾಗಿದ್ದ ಜಾಗ ಅದೊಂದೇ ಆದ್ದರಿಂದ ಲೆಕ್ಕದ ವಿಭಾಗದವರು ಏನಾದರೂ ನೆಪ ಮಾಡಿ ಬರುತ್ತಿದ್ದರು.

"ಈರಣ್ಣಾ, ನಿಮ್ಮ ದೇವರ ಖೋಲಿಯೊಳಗ ಬರಬಹುದೇನಪಾ?"

"ಬರ್ರಿ. ಚಹಾದ ಕಪ್ಪು ಮಾತ್ರ ಹೊರಗಿಟ್ಟು ಬರ್ರಿ. ನಮ್ಮ ದೇವರು ನೈವೇದ್ಯ ಒಲ್ಲದ ದೇವರು."

ಇವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಂತ್ರವನ್ನೂ ಪರೀಕ್ಷೆಗೆಂದು ತರಿಸಿದ್ದರು, ಇವರನ್ನೂ ಹಾಗೆಯೇ ತಗೊಂಡಿದ್ದರು. ಅದು ನೆಟ್ಟಗೆ ನಡೆದರೆ ಇವರೂ ಉಳಿಯುತ್ತಾರೆ, ಇಲ್ಲದಿದ್ದರೆ ಇಬ್ಬರೂ ವಾಪಸ್. ನಾನು ಆಗ ಬಸುರಿ. ಗಿರಣಿಯ ಆವರಣದಲ್ಲೇ ಕೊಟ್ಟಿದ್ದ ಎರಡು ಖೋಲಿಯ ಮನೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಚಿಂತೆ ನನಗೆ ಯಾವಾಗಲೂ ಇರುತ್ತಿತ್ತು.

ನಮ್ಮ ಮನೆಗೂ ಕಂಪ್ಯೂಟರ್ ಕೋಣೆಯ ಹಿಂದಿನ ಗೋಡೆಗೂ ನಡುವೆ ಒಂದಿಷ್ಟು ಖಾಲಿ ಜಾಗವಿತ್ತು. ಅಲ್ಲಿ ಒಂದು ಇಳಕಲ್ಲಿನ ಕೆಂಪು ಕಲ್ಲು. ಅದರ ಬುಡದಲ್ಲಿ ಒಂದು ಕೊಳವೆಯ ಬಾಯಿ. "ಏನ್ರಿ ಇದು?" ಎಂದು ಒಮ್ಮೆ ಕೇಳಿದ್ದೆ. "ಅರ್ಥಿಂಗ್ ಶಾಂತಾ. ಕೆಳಗ ತಾಮ್ರದ ತಗಡು ಹುಗದು, ಉಪ್ಪು ಇದ್ದಲಿ ತುಂಬ್ಯಾರ. ಯಂತ್ರದಾಗ ಅಡ್ಡಾದಿಡ್ಡಿ ಹರಿಯೋ ಕರೆಂಟು ಇಲ್ಲಿ ಭೂಮಿಗೆ ಇಳೀತೈತಿ. ಯಾರೂ ಅಗೀಬಾರದಂತ ಮ್ಯಾಲೆ ಕಲ್ಲು ಇಟ್ಟಾರ" ಎಂದಿದ್ದರು. ಆ ಕಲ್ಲಿನ ಬೆನ್ನು ಉಬ್ಬಿತ್ತು, ಮುಂದೆ ಚೂರು ತಗ್ಗಿತ್ತು. ದೂರದಿಂದ ನೋಡಿದರೆ ಕಾಲು ಮಡಚಿ ಕುಳಿತ ಎತ್ತಿನ ಹಾಗೆ ಕಾಣುತ್ತಿತ್ತು.

ದಿನಾ ಬೆಳಿಗ್ಗೆ ಗಂಗವ್ವ ಆಯಿ ಬರುತ್ತಿದ್ದಳು. ಗಿರಣಿಯ ಬೇಲಿಯಾಚೆ ಒಬ್ಬಳೇ ಇದ್ದ ಮುದುಕಿ. ಮಿಂದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಬೇಲಿಯ ಸಂದಿಯಿಂದ ತೂರಿ ಬಂದು ನಮ್ಮ ನಳದ ಕೆಳಗೆ ಕೊಡ ಹಿಡಿಯುವಳು. ಎರಡು ಕೊಡ ನೀರನ್ನು ಸಾವಕಾಶ ಆ ಕಲ್ಲಿನ ಬೆನ್ನಿಗೆ ಎರೆದು, ಅಂಗೈಯಿಂದ ಸವರಿ, ನನ್ನ ಹತ್ತಿರ ನಾಲ್ಕು ಮಾತಾಡಿ ಹೋಗುವಳು. ವಾಚ್‌ಮನ್ ಒಮ್ಮೆ ತಡೆದದ್ದಕ್ಕೆ, "ಸರಿಯೋ ಮೂಳಾ, ನಿನ್ನಕಿಂತ ಮೊದಲಿನಾಕಿ ನಾ ಇಲ್ಲಿ" ಎಂದು ಗದರಿದ್ದಳು. ನಮ್ಮವರೂ ಒಂದು ದಿನ, "ಆಯಿ, ಅದು ಬಸವಣ್ಣ ಅಲ್ಲ" ಎಂದು ಶುರು ಮಾಡಿದರು. "ನಿನ್ನ ಯಂತ್ರ ನೀ ನೋಡಿಕೋ ತಮ್ಮಾ, ನನ್ನದು ನಾ ನೋಡಿಕೋತೇನಿ" ಅಂದಳು. ಇವರು ನಗುತ್ತ ಕೆಲಸಕ್ಕೆ ಹೋದರು.

ನನಗೆ ಆ ಊರಲ್ಲಿ ಇದ್ದವಳು ಅವಳೊಬ್ಬಳೇ. "ಬಸುರಿ ಹೆಂಗಸು ಹಸಕೊಂಡು ಇರಬಾರದವಾ" ಎಂದು ಸೆರಗಿನಲ್ಲಿ ಎಷ್ಟೋ ಸಲ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಾಳೆ.

ಯುಗಾದಿ ಮುಗಿದ ಸ್ವಲ್ಪ ದಿನಕ್ಕೆ ಆಯಿ ಬರುವುದು ನಿಂತಿತು. ಲಗ್ನದ ದಿನಗಳು, ಬೀಗರ ಊರಿಗೆ ಹೋಗಿರಬೇಕು ಅಂದುಕೊಂಡೆ.

ಬಿಸಿಲು ಏರಿದಂತೆ ಕಂಪ್ಯೂಟರ್ ತೊಂದರೆ ಕೊಡಲು ಶುರು ಮಾಡಿತು. ಮೊದಲು ಸ್ಟೋರಿನ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದವು. ಆಮೇಲೆ ಟೈಮ್ ಆಫೀಸಿನಲ್ಲಿ. ಕೊನೆಗೆ ಮಧ್ಯಾಹ್ನವಾದರೆ ಸಾಕು, ದೊಡ್ಡ ಯಂತ್ರವೇ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿ, ಕೆಟ್ಟದ್ದನ್ನು ಸರಿಪಡಿಸಿ, ಟೇಪಿನಿಂದ ಹಿಂದಿನ ದಿನದ ಲೆಕ್ಕ ತುಂಬಿಸಿಕೊಳ್ಳುವಷ್ಟರಲ್ಲಿ ಸಂಜೆ. ಕಾರ್ಮಿಕರ ಹಾಜರಿ ಎಲ್ಲ ಅದರಲ್ಲೇ ಇದ್ದದ್ದರಿಂದ ಅವರೂ ಗೊಣಗತೊಡಗಿದರು.

ಇವರದು ಒಂದು ಪದ್ಧತಿ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸುವರು. "ಎರಡು ಕೂಡೇ ಬದಲ ಮಾಡಿದರ, ಯಾವುದರಿಂದ ಸರಿ ಆತು ಅನ್ನೋದು ತಿಳಿಯಂಗಿಲ್ಲ" ಎನ್ನುತ್ತಿದ್ದರು. ಒಂದು ದಿನ ತಂತಿ ಬದಲಿಸಿ ನೋಡಿದರು. ಮರುದಿನ ಹಳೆಯ ತಂತಿ ಹಾಕಿ ಪರದೆ ಬದಲಿಸಿದರು. ಆಮೇಲೆ ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಕೂರಿಸಿದರು. ಹುಬ್ಬಳ್ಳಿಯಿಂದ ಎಂಜಿನಿಯರರೂ ಬಂದರು. ಅವರು "ಅರ್ಥಿಂಗಿಗೆ ನೀರು ಹಾಕ್ತೀರಲ್ರಿ?" ಎಂದು ಕೇಳಿದಾಗ ಜವಾನ ಹುಸೇನಸಾಬ, "ಯಾವಾಗ ನೋಡಿದರೂ ಹಸೀನ ಇರತೈತ್ರಿ" ಎಂದ. ಅವರು ಒಂದು ಕಾರ್ಡು ಬದಲಿಸಿ ಸಂಜೆಯ ಬಸ್ಸಿಗೆ ಹೋದರು. ಮರುದಿನ ಮಧ್ಯಾಹ್ನ ಯಂತ್ರ ಮತ್ತೆ ನಿಂತಿತು.

ಮ್ಯಾನೇಜರ್ ಸಾಹೇಬರು ಕರೆಸಿದರು. "ಈರಣ್ಣಾ, ಶನಿವಾರತನಕ ನೋಡ್ತೇನಿ. ಆಮ್ಯಾಲೆ ಲಾರಿ ಕಳಸ್ತೇನಿ. ಅದನ್ನ ಹೇರ್ರಿ, ಮತ್ತ ನೀವೂ ನಿಮ್ಮ ದಾರಿ ನೋಡಿಕೋರ್ರಿ" ಎಂದರಂತೆ.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದರು. ತಾಟಿನಲ್ಲಿದ್ದ ರೊಟ್ಟಿ ಮುರಿದರೇ ಹೊರತು ಬಾಯಿಗಿಡಲಿಲ್ಲ. ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದರು. "ಏನರ ಕೆಡಬೇಕಾದರ, ಅದಕ್ಕೂ ಮೊದಲು ಏನರ ಬದಲಾಗಿರಬೇಕು. ಎಲ್ಲಾರನೂ ಕೇಳೇನಿ. ಯಾರೂ ಏನೂ ಮುಟ್ಟಿಲ್ಲ. ಯುಗಾದಿತನಕ ನೆಟ್ಟಗಿತ್ತು. ಆಮ್ಯಾಲೆ ಏನ ಬದಲಾತು ಇಲ್ಲಿ?"

ನನಗೆ ಯಂತ್ರದ ವಿಷಯ ಏನು ಗೊತ್ತು? ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದಷ್ಟೇ ಅಂದೆ: "ಏನ ಬದಲಾತು ಅಂದ್ರ, ಗಂಗವ್ವ ಆಯಿ ಬರೋದು ಬಿಟ್ಟಾಳ ನೋಡ್ರಿ. ಯುಗಾದಿ ಆದಮ್ಯಾಲೆ ಮಾರಿ ಕಂಡಿಲ್ಲ. ಆರಾಮ ಅದಾಳೋ ಇಲ್ಲೋ."

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಕೈ ತೊಳೆಯದೆ ಹಾಗೇ ಎದ್ದು ಹಿತ್ತಲಿಗೆ ಓಡಿದರು. ನಾನೂ ಹಿಂದೆ ಹೋದೆ. ಕಲ್ಲಿನ ಸುತ್ತ ಮಣ್ಣು ಬಿರುಕು ಬಿಟ್ಟಿತ್ತು. ಕೊಳವೆಯ ಬಾಯಿಯಲ್ಲಿ ಜೇಡ ಬಲೆ ಕಟ್ಟಿತ್ತು. ಒಳಗಿಂದ ಮೀಟರ್ ತಂದು ಹಚ್ಚಿ ನೋಡಿದರು. ಮುಳ್ಳು ಏಳಬಾರದ ಜಾಗದಲ್ಲಿ ಎದ್ದು ನಿಂತಿತು. "ಮಣ್ಣು ಒಣಗೈತಿ ಶಾಂತಾ, ಹಸಿ ಇಲ್ಲದ ಕರೆಂಟು ಭೂಮಿಗೆ ಇಳಿಯಂಗಿಲ್ಲ" ಎಂದರು.

ಹುಸೇನಸಾಬನನ್ನು ಕೂಗಿದರು. ಅವನು ಬಂದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಸಾಹೇಬ್ರ, ನೀರು ಹಾಕೋದು ನನ್ನ ಕೆಲಸ ಖರೆ. ಬಂದಾಗೆಲ್ಲ ಮುದುಕಿ ಹಾಕಿಹೋಗಿರತಿದ್ದಳು. ದೇವರಿಗೆ ಹಾಕಿದ ನೀರಿನ ಮ್ಯಾಲೆ ನಾ ಯಾಕ ಸುರೀಬೇಕು ಅಂತ ಬಿಟ್ಟೇರಿ. ಆಮ್ಯಾಲೆ ಈ ಕಡೆ ಬರೋದನ್ನ ಮರತೆ."

"ಇರಲಿ ಮಾರಾಯಾ, ನಾನೂ ಬಂದು ನೋಡಲಿಲ್ಲ. ಕೊಡ ಹಿಡಿ ಮೊದಲು."

ಮೂವರೂ ನೀರು ಹೊತ್ತೆವು. ನನಗೆ ಕೊಡ ಎತ್ತಗೊಡದೆ ತಂಬಿಗೆ ಕೊಟ್ಟರು. ಸುರಿದ ನೀರು ಸುಂಯ್ ಎಂದು ಒಳಗಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಮೀಟರಿನ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಶುಕ್ರವಾರ ಮಧ್ಯಾಹ್ನ ಯಂತ್ರ ನಿಲ್ಲಲಿಲ್ಲ. ಶನಿವಾರವೂ ನಿಲ್ಲಲಿಲ್ಲ. ಲಾರಿ ಬರಲಿಲ್ಲ.

ರವಿವಾರ ನಾವಿಬ್ಬರೂ ಆಯಿಯನ್ನು ಹುಡುಕಿಕೊಂಡು ಹೊರಟೆವು. ನೀರು ತುಂಬುವಾಗ ಕಾಲು ಜಾರಿ ಬಿದ್ದು ಸೊಂಟ ಮುರಿದಿದೆ, ಅಮೀನಗಡದ ಮಗಳ ಮನೆಯಲ್ಲಿದ್ದಾಳೆ ಎಂದು ಅವಳ ನೆರೆಯವರು ಹೇಳಿದರು. ಬಸ್ಸಿಳಿದು, ಕರದಂಟು ಕಟ್ಟಿಸಿಕೊಂಡು ಹೋದೆವು. ಹೊರಸಿನ ಮೇಲೆ ಮಲಗಿದ್ದ ಆಯಿ ನಮ್ಮನ್ನು ಕಂಡು, "ಹಲ್ಲಿಲ್ಲದಾಕಿಗೆ ಕರದಂಟು ತಂದೀಯೇನೋ ಶಾಣ್ಯಾ?" ಎಂದು ನಕ್ಕಳು.

ಇವರು ಅವಳ ಕಾಲ ಬಳಿ ಕುಳಿತು ಎಲ್ಲ ಹೇಳಿದರು. ತಾಮ್ರದ ತಗಡು, ಉಪ್ಪು, ಯಂತ್ರ ನಿಂತದ್ದು, ಲಾರಿ. "ನೀ ನೀರು ಎರದದ್ದಕ್ಕ ನನ್ನ ಕೆಲಸ ಉಳಿದಿತ್ತು ಆಯಿ. ನನಗ ಗೊತ್ತ ಇರಲಿಲ್ಲ" ಎಂದರು.

ಆಯಿ ಹೇಳಿದಳು: "ಅದು ಬಸವಣ್ಣ ಅಲ್ಲ ಅನ್ನೋದು ನನಗೇನು ಗೊತ್ತಿಲ್ಲೇನ ತಮ್ಮಾ? ಗಿರಣಿ ಆಗೂ ಮೊದಲು ಅದು ನಮ್ಮ ಹೊಲ. ನಮ್ಮ ಕೆಂದೆತ್ತು ಸತ್ತಾಗ ಅಲ್ಲೇ ಹುಗದಿದ್ವಿ. ಕಡೀಕ ನಾನ ನೀರು ಹಿಡದಿದ್ದೆ, ಅದು ಕುಡೀಲಿಲ್ಲ. ನನ್ನ ಮಾರಿ ನೋಡಿಕೋತ ಹೋತು. ನೀವು ಆ ಕಲ್ಲು ತಂದು ಇಟ್ರಿ. ಬೇಲಿಯಾಗಿಂದ ನೋಡಿದರ ನನ್ನ ಎತ್ತ ಬಂದು ಕುಂತಂಗ ಕಾಣ್ತು. ಅದಕ್ಕ ನೀರು ಎರದೆ. ನಿನ್ನ ಯಂತ್ರಕ್ಕ ಎರೀಲಿಲ್ಲೋ ಹುಚ್ಚಪ್ಪಾ."

ನಾವು ಹೊರಡುವ ಮೊದಲು ಅವಳು ಕೇಳಿದ್ದು ಒಂದೇ ಮಾತು. "ಈಗ ಯಾರು ಎರೀತಾರ?"

"ನಾ ಎರೀತೇನಿ ಆಯಿ" ಎಂದರು.

ಆ ಮಾತು ಉಳಿಸಿಕೊಂಡರು. ಹುನಗುಂದ ಬಿಡುವ ತನಕ ಯಂತ್ರದ ಕೋಣೆಯ ಬಾಗಿಲು ತೆರೆಯುವ ಮೊದಲು ಎರಡು ಕೊಡ ನೀರು ತಾವೇ ಹೊತ್ತು ಹಾಕುತ್ತಿದ್ದರು. ಕಲ್ಲಿನ ಬೆನ್ನಿಗೆ ಎರೆದು, ಅಂಗೈಯಿಂದ ಸವರುತ್ತಿದ್ದರು. ಯಂತ್ರಕ್ಕೆ ಸವರುವುದು ಬೇಕಿರಲಿಲ್ಲ. ಆಯಿಗೆ ಮತ್ತೆ ಹುನಗುಂದಕ್ಕೆ ಬರಲಾಗಲಿಲ್ಲ. ನನ್ನ ಮಗ ಹುಟ್ಟಿದಾಗ ಅಮೀನಗಡಕ್ಕೇ ಎತ್ತಿಕೊಂಡು ಹೋಗಿ ಅವಳ ಮಡಿಲಲ್ಲಿ ಹಾಕಿ ಬಂದೆವು.

ಆಮೇಲೆ ಬಾಗಲಕೋಟೆಗೆ ಬಂದೆವು. ಇವರ ಕೈಕೆಳಗೆ ಎಷ್ಟೋ ದೊಡ್ಡ ಯಂತ್ರಗಳು ಬಂದವು. ಏನೇ ಕೆಟ್ಟರೂ ಫೋನಿನಲ್ಲಿ ಇವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮೊದಲು ದಿನಾ ಬರತಿದ್ದವರು ಯಾರರ ಬರೋದು ಬಿಟ್ಟಾರೇನು?" ಆ ಕಡೆಯವರಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಒಳಗೆ ನಗುತ್ತಿದ್ದೆ.

ದವಾಖಾನೆಯಲ್ಲಿ ಕಡೆಯ ದಿನ ಇವರಿಗೂ ನಾನು ನೀರು ಹಿಡಿದಿದ್ದೆ. ಕುಡಿಯಲಿಲ್ಲ. ನನ್ನ ಮುಖ ನೋಡುತ್ತಲೇ ಹೋದರು. ಆಗ ನೆನಪಾದವಳು ಗಂಗವ್ವ ಆಯಿ.

ಈಗ ನಾನು ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ತಗೊಂಡು ಅವರನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗುತ್ತೇನೆ. ಎರೆಯುತ್ತೇನೆ, ಅಂಗೈಯಿಂದ ಸವರುತ್ತೇನೆ, ಬರುತ್ತೇನೆ. ಅಷ್ಟಾದರೆ ಉಳಿದ ದಿನ ಹೇಗೋ ನಡೆಯುತ್ತದೆ. ಹೋದವರಿಗೆ ನೀರೆರೆಯುತ್ತ ಹೀಗೂ ಬದುಕಬಹುದು ಎಂದು ಆಯಿ ಅಷ್ಟು ವರ್ಷ ಮೊದಲೇ ನನಗೆ ತೋರಿಸಿಕೊಟ್ಟು ಹೋಗಿದ್ದಳು. ಅವಳ ಋಣ ನನ್ನ ಮೇಲಿದೆ.

ಮೊನ್ನೆ ಮಗ ನನ್ನ ಜೊತೆ ಬಂದಿದ್ದ. ಬಾಗಿ ಮಣ್ಣು ಮುಟ್ಟಿ ನೋಡಿ, "ಅವ್ವಾ, ಬಿಸಿಲಾಗ ದಿನಾ ಯಾಕ ಬರ್ತಿ? ಮಣ್ಣು ಹಸೀನ ಐತಲ್ಲ" ಎಂದ.

"ನಾ ಬರ್ತೇನಂತ ಹಸಿ ಐತಿ ತಮ್ಮಾ" ಎಂದೆ.